ಸಾಲಿನ ಕೊನೆಯ ಗಾಡಿ

"ಜರ್ಮನಿಯವರು ಮೊದಲು. ನನ್ನ ಬೆನ್ನಿಗೆ ಅಂಟಿಕೊಂಡೇ ಬರಬೇಕು, ಎಲ್ಲೂ ನಿಲ್ಲೋ ಹಾಗಿಲ್ಲ," ಎಂದು ಹಿಮ ಬಾಚುವ ಲಾರಿಯ ಆರ್ನುಲ್ಫ್ ಕೈಯಲ್ಲಿದ್ದ ಕಾಫಿ ಲೋಟವನ್ನೇ ಬೆರಳಿನಂತೆ ತಿರುಗಿಸುತ್ತ ಒಬ್ಬೊಬ್ಬರಿಗೂ ಜಾಗ ತೋರಿಸಿದ. ಲೋಟ ಐಲಿಫ್‌ನ ಎದುರು ಬಂದು ನಿಂತಿತು. "ಅವರ ಹಿಂದೆ ನೀನು. ನೀನೂ ಈಗ ಪ್ರವಾಸಿನೇ ತಾನೆ? ಕುತ್ತಿಗೆಗೆ ಕ್ಯಾಮೆರಾ ಡಬ್ಬಿ ನೇತುಹಾಕ್ಕೊಂಡು ನಮ್ಮೂರು ನೋಡೋಕೆ ಬಂದಿದೀಯ. ಮೀನಿನ ಕಾರ್ಖಾನೇಲಿ ಒಂದು ಚಳಿಗಾಲ ನಿಲ್ಲಲಾರದ ಕಾಲು, ಗುಡ್ಡದ ಮೇಲೆ ಏನು ನಿಂತೀತು."

ಗುಡ್ಡದ ರಸ್ತೆಯ ತಡೆಗಂಬದ ಪಕ್ಕದ ಕಾಯುವ ಕೋಣೆಯಲ್ಲಿ ನಗು ಎದ್ದಿತು. ಬೆಳಗಿನಿಂದ ಗಾಳಿ ಇಳಿಯಲೆಂದು ಕಾದು ಕೂತಿದ್ದ ಜನ, ಒದ್ದೆ ಉಣ್ಣೆ, ಡೀಸೆಲ್ಲು, ಸೀದ ವಾಫಲಿನ ವಾಸನೆಯಲ್ಲಿ ಬೇಸತ್ತವರು; ಯಾವುದೋ ಒಂದು ನೆಪ ಬೇಕಿತ್ತು, ಸಿಕ್ಕಿತು. ಮೀನಿನ ಲಾರಿಯ ಸಿಗ್ವಾರ್ಟ್ ಬಾಯಲ್ಲಿ ಕಂದು ಚೀಸು ಇಟ್ಟುಕೊಂಡೇ ನಕ್ಕ, ಅದು ಅವನ ಹಲ್ಲಿಗೆ ಮೆತ್ತಿಕೊಂಡದ್ದು ಐಲಿಫ್‌ಗೆ ಕಂಡಿತು. ಮೂಲೆಯಲ್ಲಿ ಕಾವಲಿಯ ಮೇಲೆ ವಾಫಲು ಹೊಯ್ಯುತ್ತಿದ್ದ ಅಂಗಡಿಯ ಹೆಂಗಸು ಮರ್ಯಾದೆಗೆಂದು ಬೆನ್ನು ತಿರುಗಿಸಿ ನಕ್ಕಳು, ಭುಜ ಕುಣಿಯಿತು. ಜರ್ಮನಿಯ ಗಂಡಹೆಂಡತಿ ಒಂದಕ್ಷರವೂ ತಿಳಿಯದೆ, ಎಲ್ಲರೂ ನಗುತ್ತಾರಲ್ಲ ಎಂದು ತಾವೂ ನಕ್ಕರು; ತಮ್ಮವನೊಬ್ಬ ಸಿಕ್ಕ ಎಂಬಂತೆ ಅವನತ್ತ ತಲೆ ಬೇರೆ ಆಡಿಸಿದರು. ಆರ್ನುಲ್ಫನ ಮಾತಿಗಿಂತ ಆ ತಲೆಯಾಡಿಸಿದ್ದೇ ಅವನೊಳಗೆ ಇಳಿದು ಕೂತಿತು. ನಗದೆ ಇದ್ದವಳು ಒಬ್ಬಳೇ. ಕಿಟಕಿಯ ಬಳಿ ಕೈಗವಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಬೋರ್ಗಿಲ್. ಊರಿನ ಎರಡು ಕೋಣೆಯ ಶಾಲೆಯಲ್ಲಿ ಅವನಿಗೂ ಅವನಂಥ ಎಷ್ಟೋ ಜನಕ್ಕೂ ಪಾಠ ಹೇಳಿದವಳು, ಶಾಲೆ ಮುಚ್ಚಿಹೋದ ಮೇಲೂ ಮುಖದ ಮೇಲಿನ ಟೀಚರನ್ನು ಕೆಳಗಿಳಿಸದವಳು. ಅವಳೂ ನಕ್ಕಿದ್ದರೆ ಅವಳನ್ನೂ ಉಳಿದವರ ರಾಶಿಗೆ ಎಸೆದು ಹಗುರಾಗಬಹುದಿತ್ತು.

ಗುಡ್ಡದ ಮೇಲಿನ ರಸ್ತೆಯಲ್ಲಿ ಗಾಳಿ ಎದ್ದರೆ ತಡೆಗಂಬ ಕೆಳಗೆ ಬೀಳುತ್ತದೆ. ಆಮೇಲೆ ಯಾರೂ ತಾವಾಗಿ ದಾಟುವಂತಿಲ್ಲ. ಹಿಮ ಬಾಚುವ ದೊಡ್ಡ ಲಾರಿ ಮುಂದೆ, ಅದರ ಹಿಂದೆ ಗಾಡಿಗಳು ಒಂದರ ಕೆಂಪು ದೀಪವನ್ನು ಇನ್ನೊಂದು ಹಿಡಿದುಕೊಂಡು ಸಾಲಾಗಿ ಹೋಗಬೇಕು. ಸಾಲನ್ನು ಕಟ್ಟುವವನು ಆರ್ನುಲ್ಫ್. ರಸ್ತೆ ಗೊತ್ತಿಲ್ಲದವರನ್ನು ತನ್ನ ಬೆನ್ನಿಗೇ ಇಟ್ಟುಕೊಳ್ಳುತ್ತಾನೆ, ಗೊತ್ತಿದ್ದವರನ್ನು ಅವರ ಹಿಂದೆ ಬಿಡುತ್ತಾನೆ. ಕೊನೆಯ ಜಾಗವನ್ನು ಮಾತ್ರ ನೋಡಿ ಕೊಡುತ್ತಾನೆ. ಮುಂದಿನ ದೀಪ ತಪ್ಪಿದರೆ ನಿಲ್ಲಬೇಕಾದವನು, ಬಿದ್ದವರ ಬಳಿಗೆ ಇಳಿಯಬೇಕಾದವನು ಕೊನೆಯವನು; ಅವನು ಬಿದ್ದರೆ ನೋಡಲು ಅವನ ಹಿಂದೆ ಯಾರೂ ಇರುವುದಿಲ್ಲ. ಐಲಿಫ್‌ನ ಅಪ್ಪ ಇಂಗೋಲ್ಫ್ ಟಪಾಲು ಗಾಡಿ ಓಡಿಸುತ್ತಿದ್ದಷ್ಟು ಕಾಲವೂ ಕೊನೆಯ ಜಾಗ ಅವನದೇ. ಮನೆಯಲ್ಲಿ ನಾಲ್ಕು ಮಾತು ಜೋಡಿಸಿ ಆಡಲಾರದ ಮನುಷ್ಯ, ಮುಖ ತೊಳೆದರೆ ಕುತ್ತಿಗೆ ತೊಳೆಯದ ಮನುಷ್ಯ, ಸಾಲಿನ ಬಾಲದಲ್ಲಿ ಹೋಗುವ ದಿನ ಮಾತ್ರ ಹೆಗಲು ಅಗಲಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಒಂದು ಇಡೀ ಬಾಳಿನ ಮಾನವನ್ನು ಬೇರೆಯವರ ಹಿಂಬದಿ ದೀಪ ನೋಡುವುದರಲ್ಲಿ ಕಳೆದನಲ್ಲ ಎಂದು ಐಲಿಫ್ ಅಪ್ಪ ಸತ್ತ ಮೇಲೂ ಹೇಸಿದ್ದ. ಅದೇ ಜಾಗ ತನಗೆ ಸಿಗಲಿಲ್ಲ ಎಂದು ಈಗ ಕಿವಿಯವರೆಗೆ ಬಿಸಿಯಾಗಿದ್ದವನೂ ಅವನೇ. ಆ ಹೇಸಿಗೆ ಈ ಕಾವು ಎರಡೂ ಒಂದೇ ಮೈಯಲ್ಲಿ ಇರುವುದು ಅವನಿಗೆ ಅಸಹ್ಯವಾಯಿತು.

"ಕೊನೇಗೆ ಅವನು ಬರಲಿ, ಆರ್ನುಲ್ಫ್," ಎಂದಳು ಬೋರ್ಗಿಲ್, ಮೇಲೇಳದೆ. "ಇಂಗೋಲ್ಫನ ಮಗ. ನಾನು ಅವನ ಮುಂದೆ ಇರ್ತೀನಿ."

ಆರ್ನುಲ್ಫ್ ಲೋಟದ ತಳಕ್ಕೆ ಉಳಿದದ್ದನ್ನು ಗುಟುಕರಿಸಿ ಅವಳನ್ನೊಮ್ಮೆ ಇವನನ್ನೊಮ್ಮೆ ನೋಡಿದ. ಅವನೂ ಅವಳ ಕೈಯಲ್ಲೇ ಕಲಿತವನು. "ನಿಮ್ಮಿಷ್ಟ, ಟೀಚರ್," ಎಂದ. ಆಮೇಲೆ ಐಲಿಫ್‌ಗೆ, ಈ ಸಲ ನಗು ಬೆರೆಸದೆ, ಅವರ ದೀಪ ಕಣ್ಣಿಂದ ತಪ್ಪಿಸಬೇಡ ಎಂದಷ್ಟೇ ಹೇಳಿ ಟೋಪಿ ಎಳೆದುಕೊಂಡು ಹೊರಟ. ಐಲಿಫ್ ಬೋರ್ಗಿಲ್‌ಗೆ ಧನ್ಯವಾದ ಹೇಳಲಿಲ್ಲ. ಅವಳು ಹಾದುಹೋಗುವಾಗ ಅವನ ತೋಳನ್ನು ಮುಟ್ಟಿದಳು, ದೊಡ್ಡ ತಪ್ಪು ಮಾಡದ ಹುಡುಗನನ್ನು ಮುಟ್ಟುವ ಹಾಗೆ, ಎರಡು ಬೆರಳಿನಲ್ಲಿ. ಮುಟ್ಟಿದ ಕಡೆ ತೊಡೆದುಕೊಳ್ಳಬೇಕೆನಿಸಿತು. ಬೇಡಿ ಕೊಡಿಸಿದ ಜಾಗ. ಎಲ್ಲರೆದುರು ತಟ್ಟೆಯಿಂದ ಎತ್ತಿ ಹಾಕಿದ ತುಂಡು.

ಗಾಡಿಯೊಳಗೆ ಕೂತು ಎಂಜಿನ್ ಹೊತ್ತಿಸಿ ಅವನು ಮುಂದಿನ ಗಾಡಿಗಳು ಹೊರಡಲೆಂದು ಕಾದ. ಹಿಂದೆ ಮಲಗುವ ಚೀಲ, ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿ, ಒಣಮೀನಿನ ಚೂರು, ಒಂದು ವಾರದ ಬೆವರು. ವಾರವಿಡೀ ಅವನು ಈ ಕರಾವಳಿಯ ಉದ್ದಕ್ಕೆ ಒಬ್ಬನೇ ತಿರುಗಿದ್ದ. ಈ ಉತ್ತರದ ತುದಿಯ, ಹಗಲೇ ಇಲ್ಲದ ಚಳಿಗಾಲದ ಕತ್ತಲು ಕಳೆದು ಸೂರ್ಯ ಈಗಷ್ಟೇ ವಾಪಸು ಬಂದಿದ್ದಾನೆ, ನಡುಹಗಲಿನಲ್ಲಿ ಒಂದಿಷ್ಟು ಹೊತ್ತು ಕಡಲಂಚಿಗೆ ಮೈ ಉಜ್ಜಿಕೊಂಡು ಹೋಗಿಬಿಡುತ್ತಾನೆ. ಆ ಹೊತ್ತಿನಲ್ಲಿ ಸಿಕ್ಕಿದ್ದೇ ಚಿತ್ರ. ಓಸ್ಲೋದಲ್ಲಿ ಬೆನೆಡಿಕ್ಟೆ ಎಂಬುವಳ ಚಿತ್ರಶಾಲೆಯಿದೆ. ಇವನು ಕಳಿಸಿದ್ದನ್ನು ನೋಡಿ, ಒಂದು ಗೋಡೆ ನಿನಗೆ ಎಂದಿದ್ದಳು. ಆ ಗೋಡೆ ತುಂಬಿದರೆ ಮತ್ತೆ ಮೀನಿನ ಕಾರ್ಖಾನೆಯ ರಬ್ಬರು ಬೂಟಿಗೆ ಕಾಲು ಹಾಕುವ ಅಗತ್ಯವಿಲ್ಲ, ಊರಿನವರ ಮುಂದೆ ತಲೆ ತಗ್ಗಿಸುವ ಅಗತ್ಯವಿಲ್ಲ, ಊರೇ ಬೇಡ. ನಡುವಿನ ಚಿತ್ರವೊಂದು ಬಾಕಿ ಎಂದು ಅವಳು ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದಳು, ಉಳಿದವುಗಳನ್ನೆಲ್ಲ ಹಿಡಿದು ನಿಲ್ಲಿಸುವ ಒಂದು. ಅದು ಭಾನುವಾರದೊಳಗೆ ಬರದಿದ್ದರೆ ಗೋಡೆ ಬೇರೆಯವನಿಗೆ. ಅವಳ ದನಿ ತೆಳ್ಳಗೆ, ಬೆಚ್ಚಗೆ, ಒಳಗೆ ಏನೂ ಇಲ್ಲದ್ದು. "ನಿನ್ನ ಚಿತ್ರಗಳಲ್ಲಿ ಎಂಥ ಏಕಾಂತ ಇದೆ ಗೊತ್ತಾ? ಜನ ಬರದ ಹಾಗೆ ನೋಡ್ಕೋ. ಜನ ಬಂದ್ರೆ ಅದು ಬರೀ ಊರಾಗಿಬಿಡತ್ತೆ." ಅವಳನ್ನು ಅವನು ತುಚ್ಛವಾಗಿ ಕಂಡ, ಅವಳು ಹೇಳಿದ ಹಾಗೆಯೇ ಮಾಡಿದ.

ಜನರನ್ನು ಚೌಕಟ್ಟಿನಿಂದ ಓಡಿಸುವ ಕೆಲಸದಲ್ಲಿ ಅವನಿಗೆ ಕೈ ಪಳಗಿತ್ತು. ಏನೂ ಹೇಳಬೇಕಿಲ್ಲ, ಕಾದರೆ ಸಾಕು. ಹಾಮ್‌ನೆಸ್‌ನಲ್ಲಿ ಮೀನು ಒಣಗಿಸುವ ಅಟ್ಟಗಳ ಕೆಳಗೆ ಒಬ್ಬ ಮುದುಕ ಕ್ಯಾಮೆರಾ ಕಂಡದ್ದೇ ತಡ ಮನೆಯೊಳಗೆ ಹೋಗಿ ಒಳ್ಳೆಯ ಟೋಪಿ ಹಾಕಿಕೊಂಡು ಬಂದು, ಜೋಡಿಜೋಡಿಯಾಗಿ ಬಾಲಕ್ಕೆ ಬಾಲ ಕಟ್ಟಿ ನೇತುಬಿಟ್ಟ ಕಾಡ್ ಮೀನುಗಳ ನಡುವೆ ಎದೆ ಸೆಟೆದು ನಿಂತಿದ್ದ. ಐಲಿಫ್ ಕ್ಯಾಮೆರಾದ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ, ಗುಂಡಿಯನ್ನೂ ಒತ್ತಲಿಲ್ಲ. ಮುದುಕನ ಮೂಗಿನಿಂದ ನೀರು ಇಳಿಯತೊಡಗಿತು. ಸ್ವಲ್ಪ ಹೊತ್ತಿಗೆ ಆ ಎದೆ ತಾನಾಗಿ ಒಳಗೆ ಹೋಯಿತು, ಆಯ್ತಾ ಎಂದು ಮುದುಕ ಕೇಳಿದ, ಉತ್ತರ ಬರದಿದ್ದಾಗ ಟೋಪಿ ಕೈಗೆ ತೆಗೆದುಕೊಂಡು ಒಳಗೆ ನಡೆದ. ಆಮೇಲೆ ತೆಗೆದ ಚಿತ್ರ ಚೆನ್ನಾಗಿತ್ತು. ಇಲ್ಲಿನ ಹಳಬರು ಕ್ಯಾಮೆರಾ ಕಂಡರೆ ಹೀಗೆಯೇ ಹಲ್ಲು ಬಿಡುವವರು. ಎರಡನೇ ಮಹಾಯುದ್ಧದಲ್ಲಿ ಕರಾವಳಿಯ ಮನೆಗಳೆಲ್ಲ ಸುಟ್ಟು ಹೋದಾಗ ಗೋಡೆಯ ಚಿತ್ರಗಳೂ ಹೋದವು, ತಮ್ಮ ಅಜ್ಜಿಯ ಮುಖ ಹೇಗಿತ್ತೆಂದು ಗೊತ್ತಿಲ್ಲದ ಜನ. ಅದು ನನ್ನ ತಪ್ಪೇ? ಎಂದುಕೊಂಡಿದ್ದ ಐಲಿಫ್. ನಾನೇನು ಬೆಂಕಿ ಇಟ್ಟೆನೆ?

ತಡೆಗಂಬ ಎದ್ದಿತು. ಆರ್ನುಲ್ಫನ ಹಳದಿ ದೀಪ ತಿರುಗುತ್ತ ಬೆಳ್ಳನೆಯದರೊಳಗೆ ಹೊಕ್ಕಿತು, ಅದರ ಹಿಂದೆ ಜರ್ಮನಿಯವರ ಮನೆಯಂಥ ಗಾಡಿ, ಯಾವುದೋ ಎರಡು ಕಾರು, ಸಿಗ್ವಾರ್ಟನ ಮೀನಿನ ಲಾರಿ, ಆಮೇಲೆ ಬೋರ್ಗಿಲ್‌ಳ ಪುಟ್ಟ ನೀಲಿ ಕಾರು. ಕೊನೆಗೆ ತಾನು. ಮೊದಲ ತಿರುವಿಗೇ ಗಾಳಿ ಗಾಡಿಯ ಪಕ್ಕೆಗೆ ಹೆಗಲು ಕೊಟ್ಟು ನೂಕಿತು. ಹಿಮ ಬೀಳುತ್ತಿರಲಿಲ್ಲ, ನೆಲದ ಮೇಲಿದ್ದದ್ದೇ ಎದ್ದು ರಸ್ತೆಗೆ ಅಡ್ಡಲಾಗಿ ಹರಿಯುತ್ತಿತ್ತು, ಸೊಂಟದವರೆಗೆ ಒಂದು ಬಿಳಿ ಹೊಳೆ. ಅದರ ಮೇಲೆ ಅಂಚಿನ ಗುರುತುಕೋಲುಗಳ ತಲೆ, ಅದಕ್ಕೂ ಆಚೆ ಏನೂ ಇಲ್ಲ. ಮುಂದೆ ಎರಡು ಕೆಂಪು ಚುಕ್ಕೆ, ಎಡಗಡೆಯದು ಮಂಕು. ಗಾಜಿಗೆ ಬಿರುಕು ಬಿಟ್ಟಿರಬೇಕು. ಮಂಕಾದ ದೀಪ, ಮಂಕಾದ ಮುದುಕಿ. ಹಿಂದಿನ ಗಾಜಿನಲ್ಲಿ ಅವಳ ತಲೆ ಕೋಲಿನ ಹಾಗೆ ನೆಟ್ಟಗಿತ್ತು, ಹಲಗೆಯ ಮುಂದೆ ನಿಂತಾಗ ಇರುತ್ತಿದ್ದ ಹಾಗೇ. ಅವನು ಶಾಲೆ ಬಿಟ್ಟ ವಾರ ಅವಳು ಮನೆಗೆ ಬಂದಿದ್ದಳು. ಅಡುಗೆಮನೆಯ ಬೆಂಚಿನ ಮೇಲೆ ಕೂತು ಅಮ್ಮ ಕೊಟ್ಟ ಕಾಫಿ ಕುಡಿದಳು. ಬೈಯುತ್ತಾಳೆ, ಬುದ್ಧಿ ಹೇಳುತ್ತಾಳೆ, ವಾಪಸು ಬಾ ಎನ್ನುತ್ತಾಳೆ ಎಂದು ಅವನು ಉತ್ತರಗಳನ್ನೆಲ್ಲ ಹಲ್ಲಿನ ಹಿಂದೆ ಜೋಡಿಸಿಟ್ಟುಕೊಂಡು ಬಾಗಿಲಿಗೆ ಒರಗಿದ್ದ. ಅವಳು ಮೀನಿನ ವಿಷಯ ಮಾತಾಡಿದಳು, ಅಪ್ಪನ ಸೊಂಟ ನೋವಿನ ವಿಷಯ ಮಾತಾಡಿದಳು, ಎದ್ದು ಬಟ್ಟಲನ್ನು ತಾನೇ ತೊಳೆದಿಟ್ಟು ಹೋದಳು. ಜೋಡಿಸಿಟ್ಟ ಉತ್ತರಗಳು ಇನ್ನೂ ಅಲ್ಲೇ ಇದ್ದವು, ಎಷ್ಟೋ ವರ್ಷದಿಂದ, ಉಗುಳಲು ಜಾಗವಿಲ್ಲದೆ.

ಮೇಲೆ ಹೋದಂತೆ ಅವನು ಸ್ಟಿಯರಿಂಗಿನ ಮೇಲಿನ ಹಿಡಿತ ಸಡಿಲಿಸಿದ. ಒಪ್ಪಿಕೊಳ್ಳಲು ನಾಚಿಕೆಯಾಗುವಂಥ ಸುಖ. ಹಿಂದೆ ನೋಡುವ ಕನ್ನಡಿಯಲ್ಲಿ ಯಾರೂ ಇರಲಿಲ್ಲ, ಬರೀ ಬಿಳಿ. ಮುಂದಿದ್ದವರೆಲ್ಲ ಅವನ ಕಣ್ಣಿನೊಳಗಿದ್ದರು. ಅಪ್ಪ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಮಾತು ಎಲ್ಲಿತ್ತು ಅವನಿಗೆ. ಒಮ್ಮೆ ಮಾತ್ರ, ಸಾಯುವ ಮುಂಚಿನ ಚಳಿಗಾಲದಲ್ಲಿ, ಕೊಲ್ಲಿಯ ತಿರುವಿನಲ್ಲಿ ಗಾಳಿಗೆ ಒಂದು ತೂತಿದೆ ಎಂದಿದ್ದ. ಎಂಥ ಬಿರುಗಾಳಿಯಿದ್ದರೂ ಅಲ್ಲಿ ಕಲ್ಲುಗುಡ್ಡ ಅಡ್ಡ ಬಂದು ಕೆಲವು ನಿಮಿಷ ಎಲ್ಲ ತೆರೆದುಕೊಳ್ಳುತ್ತದೆ, ಕಡಲು ಬುಡದಿಂದ ಕಾಣುತ್ತದೆ. "ಆವಾಗ ಕಡಲು ನೋಡಬಾರದು," ಎಂದಿದ್ದ ಅಪ್ಪ. "ದೀಪ ಎಣಿಸಬೇಕು." ಕಡಲು ನೋಡಬೇಡ ಎಂದು ಹೇಳಲು ಕಡಲ ಬಳಿಯೇ ಹುಟ್ಟಬೇಕಿತ್ತೇನೋ, ಎಂದು ಐಲಿಫ್ ಆಗ ಅಂದುಕೊಂಡಿದ್ದ, ಅಪ್ಪನ ಕುತ್ತಿಗೆಯ ಕೊಳೆ ನೋಡುತ್ತ.

ಕೊಲ್ಲಿಯ ತಿರುವು ಬಂತು. ರಸ್ತೆ ಅಲ್ಲಿ ಎಡಕ್ಕೆ ಬಾಗಿ ಕೊಲ್ಲಿಯ ತಲೆಯನ್ನು ಸುತ್ತಿ ಎದುರು ದಡಕ್ಕೆ ಹೋಗುತ್ತದೆ. ಗಾಳಿ ನಿಂತಿತು, ಹೇಳಿದ ಹಾಗೆಯೇ, ಯಾರೋ ಬಾಗಿಲು ಹಾಕಿದಂತೆ. ಬಿಳಿ ಹೊಳೆ ನೆಲಕ್ಕೆ ಕುಸಿಯಿತು. ಕೆಳಗೆ ಕಡಲು ಕಪ್ಪಗೆ, ಎಣ್ಣೆಯಷ್ಟು ಮಂದವಾಗಿ, ಉಸಿರಾಡುತ್ತಿತ್ತು. ಅದರ ಆ ತುದಿಯಲ್ಲಿ ಸೂರ್ಯ ಮುಖ ತೋರಿಸದೆ ಮೋಡದ ಅಡಿಭಾಗಕ್ಕೆ ತಾಮ್ರ ಬಳಿದಿದ್ದ. ಗುರುತುಕೋಲುಗಳು ಒಂದರ ಹಿಂದೊಂದು ಬಾಗುತ್ತ ಬೆಳಕಿನೊಳಗೆ ನಡೆದುಹೋಗಿದ್ದವು. ಅವನ ಕಾಲು ತಾನಾಗಿ ಬ್ರೇಕಿನ ಮೇಲಿತ್ತು. ತಾನಾಗಿ ಎಂದು ಅವನು ಆಮೇಲೆ ಹೇಳಿಕೊಂಡದ್ದು. ಒತ್ತುವ ಮೊದಲೊಂದು ಕ್ಷಣ, ಪೂರ್ತಿ ಒಂದು ಕ್ಷಣ, ಅವನಿಗೆ ಗೊತ್ತಿತ್ತು. ಇದೇ ಅದು. ನಡುವಿನ ಚಿತ್ರ. ದೀಪ ಎಣಿಸಿದವನು ಏನಾದ? ಟಪಾಲು ಗಾಡಿಯವನಾದ. ಪ್ರವಾಸಿಯಾಗಿದ್ದರೆ ನಿಲ್ಲುತ್ತಿರಲಿಲ್ಲ, ಹೆದರಿ ಮುಂದಿನವನ ಬಾಲ ಕಚ್ಚಿಕೊಂಡು ಹೋಗುತ್ತಿದ್ದ. ನಿಲ್ಲುವ ಧೈರ್ಯ ಬಂದದ್ದು ಈ ರಸ್ತೆಯವನಾಗಿದ್ದರಿಂದಲೇ. ಗಾಳಿಯ ತೂತು ಎಷ್ಟು ಹೊತ್ತು ತೆರೆದಿರುತ್ತದೆಂದು ತನಗೆ ಗೊತ್ತು, ಇಳಿಜಾರಿನಲ್ಲಿ ಮುದುಕಿಯನ್ನು ಹಿಡಿಯುವುದು ಗೊತ್ತು. ಮುಕ್ಕಾಲಿಯನ್ನು ಎಳೆದುಕೊಂಡು ತನ್ನ ಗಾಡಿಯ ದೀಪಗಳ ಮುಂದೆಯೇ ಇಳಿದು ನಿಂತ.

ಕಿಂಡಿಯಲ್ಲಿ ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ಎದುರು ದಡದ ರಸ್ತೆಯ ಮೇಲೆ ಬೋರ್ಗಿಲ್‌ಳ ಕೆಂಪು ಚುಕ್ಕೆ ಇನ್ನೂ ಇತ್ತು. ಹೋಗಲಿ ಎಂದು ಕಾದ. ಜನ ಹೋಗಿಯೇ ಹೋಗುತ್ತಾರೆ. ಚುಕ್ಕೆ ಹೋಗುತ್ತಿದ್ದದ್ದು ನಿಂತಿತು. ಅದರ ಪಕ್ಕದಲ್ಲಿ ರಿವರ್ಸಿನ ಬಿಳಿ ದೀಪವೊಂದು ಹತ್ತಿಕೊಂಡಿತು, ಎರಡೂ ಸೇರಿ ಹಿಂದಕ್ಕೆ, ಅವನತ್ತಲೇ, ಬರತೊಡಗಿದವು. ಏನು ಮಾಡ್ತಿದೆ ಈ ಮುದುಕಿ, ಎಂದು ಬಾಯಿಬಿಟ್ಟೇ ಬೈದ. ಬೈಗುಳದ ಹಬೆ ಕಿಂಡಿಗೆ ಮೆತ್ತಿಕೊಂಡು ಒರೆಸಬೇಕಾಯಿತು. ಒರೆಸಿ ನೋಡಿದಾಗ ಬಿಳಿ ಆರಿತ್ತು. ಕೆಂಪೊಂದೇ ಉಳಿದಿತ್ತು, ಕೋಲುಗಳ ಸಾಲಿಗಿಂತ ಸ್ವಲ್ಪ ಕೆಳಗೆ, ಕಡಲಿನ ಕಡೆಗೆ. ಕದಲಲಿಲ್ಲ. ಅವನು ಕಾದ, ಅದು ಕದಲಲಿಲ್ಲ. ದಿಬ್ಬದ ಮೇಲೆ ಗಾಳಿಯ ಸದ್ದು ಮರಳಿ ಏಳುತ್ತಿತ್ತು. ಆಗ ಅವನಿಗೆ ಹೊಳೆಯಿತು, ಅದು ಅಲ್ಲಿರುವುದೇ ಚೆನ್ನ. ತಾಮ್ರ, ಕಪ್ಪು, ಕೋಲುಗಳ ಬಾಗು, ಎಲ್ಲವನ್ನೂ ಹಿಡಿದು ನಿಲ್ಲಿಸಿದ್ದೇ ಆ ಒಂದು ತೊಟ್ಟು ಕೆಂಪು. ಗುಂಡಿ ಒತ್ತಿದ. ಮತ್ತೊಮ್ಮೆ ಒತ್ತುವಷ್ಟರಲ್ಲಿ ಬಿಳಿ ಎದ್ದು ಎಲ್ಲವನ್ನೂ ಮುಚ್ಚಿತು.

ಆಮೇಲೆ ಬೇಗ ಬೇಗ ಓಡಿಸಿದ. ಕೊಲ್ಲಿಯ ತಲೆ ಸುತ್ತಿ ಎದುರು ದಡಕ್ಕೆ ಬಂದಾಗ ಕೋಲುಗಳೂ ಸರಿಯಾಗಿ ಕಾಣುತ್ತಿರಲಿಲ್ಲ. ಅಲ್ಲಿ ನಿಧಾನ ಮಾಡಿದನೇ? ಮಾಡಿದ, ನಿಧಾನ ಮಾಡಿದ್ದು ನೆನಪಿದೆ, ಎಡಕ್ಕೆ ತಿರುಗಿ ನೋಡಿದ್ದು ನೆನಪಿಲ್ಲ. ಬೆಟ್ಟದ ನೆತ್ತಿ ದಾಟುವಾಗ ಮುಂದೆ ಕೆಂಪು ಕಂಡಿತು. ಬಂತಲ್ಲ, ಎಂದುಕೊಂಡ. ಎರಡು ದೀಪ ಎತ್ತರದಲ್ಲಿದ್ದವು, ಲಾರಿಯವುಗಳಂತೆ ಒಂದಕ್ಕೊಂದು ದೂರದಲ್ಲಿದ್ದವು, ಎರಡೂ ಒಂದೇ ಸಮ ಉರಿಯುತ್ತಿದ್ದವು. ರಸ್ತೆ ಅಲ್ಲಿ ಏರುತ್ತದೆ, ಅದಕ್ಕೆ ಎತ್ತರ ಕಾಣುತ್ತದೆ ಎಂದು ತನಗೆ ತಾನೇ ತಿಳಿಹೇಳಿದ. ರಸ್ತೆ ಅಲ್ಲಿ ಇಳಿಯುತ್ತದೆ. ಹುಟ್ಟಿದಾಗಿನಿಂದ ಅದು ಇಳಿದೇ ಇದೆ.

ಕೆಳಗಿನ ತಡೆಗಂಬದ ಬಳಿ ಗಾಡಿಗಳು ಪಕ್ಕಕ್ಕೆ ನಿಂತಿದ್ದವು. ಆರ್ನುಲ್ಫ್ ರಸ್ತೆಯ ನಡುವೆ ನಿಂತು ಬಂದವರನ್ನು ಒಬ್ಬೊಬ್ಬರಾಗಿ ಒಳಗೆ ಬಿಡುತ್ತಿದ್ದ. ಸಿಗ್ವಾರ್ಟನ ಲಾರಿ ಸರಿಯಿತು. ಅದರ ಹಿಂದೆ ಐಲಿಫ್. ಆರ್ನುಲ್ಫ್ ಅವನ ಹಿಂದೆ ನೋಡಿದ, ಪಕ್ಕ ನೋಡಿದ, ಆಮೇಲೆ ಕಿಟಕಿಗೆ ಬಗ್ಗಿದ. ಹುಬ್ಬಿನ ಮೇಲೆ ಹಿಮ ಗಟ್ಟಿಯಾಗಿತ್ತು.

"ಟೀಚರ್ ಎಲ್ಲಿ?"

"ಮುಂದೇನೇ ಇದ್ದರಲ್ಲ," ಎಂದ ಐಲಿಫ್. "ಅವರ ದೀಪ ನೋಡ್ಕೊಂಡೇ ಬಂದೆ."

ಹೇಳುವಾಗ ದನಿ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ನಂಬಿಕೆ ಬರುವಂತಿತ್ತು. ಆರ್ನುಲ್ಫ್ ಕಿಟಕಿಯಿಂದ ತಲೆ ಎತ್ತಿದ. ಒಂದು ಬೈಗುಳ ಬಂದಿದ್ದರೂ ಹಿಡಿದುಕೊಳ್ಳಲು ಏನೋ ಸಿಗುತ್ತಿತ್ತು. ಸಿಗ್ವಾರ್ಟನನ್ನು ಕರೆದ, ಸಲಿಕೆ, ಹಗ್ಗ, ಕಂಬಳಿ ಎಂದ. ಐಲಿಫ್ ಇಳಿದು ತಾನೂ ಬರುತ್ತೇನೆಂದಾಗ ತಿರುಗಿಯೂ ನೋಡದೆ, ಬೇಡ, ನೀನು ಒಳಗೆ ಜರ್ಮನಿಯವರ ಜೊತೆ ಕೂತ್ಕೋ ಎಂದ. ಎಲ್ಲಿ ಹುಡುಕಬೇಕೆಂದು ಐಲಿಫ್‌ಗೆ ಗೊತ್ತಿತ್ತು, ಯಾವ ಗುರುತುಕೋಲಿನ ಬಳಿ ಎಂಬುದೂ ಗೊತ್ತಿತ್ತು. ಕೊಲ್ಲಿಯ ಎದುರು ದಡ ಎಂದು ಎರಡು ಮಾತು ಹೇಳಿದರೆ ಸಾಕಿತ್ತು. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂಬುದು ಮುಂದಿನ ಮಾತು. ಬಾಯಿ ತೆರೆದ. ಹಿಮಲಾರಿ ಆಗಲೇ ತಿರುಗಿ ಹಳದಿ ದೀಪದೊಂದಿಗೆ ಮೇಲಕ್ಕೆ ಹೋಗಿತ್ತು. ತಡವಾಯಿತು ಎಂದು ತನಗೆ ಹೇಳಿಕೊಂಡಾಗ ಎದೆಯಲ್ಲಿ ಹಗುರಾದದ್ದನ್ನು ಅವನು ಗಮನಿಸಿದ.

ಈ ಕಡೆಯ ಕಾಯುವ ಕೋಣೆ ಆ ಕಡೆಯದರ ಹಾಗೇ ಇತ್ತು, ಅದೇ ವಾಫಲಿನ ಕಾವಲಿ, ಅದೇ ಒದ್ದೆ ಉಣ್ಣೆ. ಜರ್ಮನಿಯ ಹೆಂಗಸು ತನ್ನ ಫ್ಲಾಸ್ಕಿನಿಂದ ಸೂಪು ಬಗ್ಗಿಸಿ ಅವನ ಮುಂದಿಟ್ಟಳು, ಕೈ ಮೇಲೆ ಕೈಯಿಟ್ಟು ಏನೋ ಸಮಾಧಾನ ಹೇಳಿದಳು. ಮುದುಕಿ ಅವನ ಅಜ್ಜಿ ಎಂದೇ ತಿಳಿದಿರಬೇಕು. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. ಇಂಥ ಸುಲಭದ ಕಣ್ಣೀರನ್ನು ಹೊತ್ತುಕೊಂಡು ಇಷ್ಟು ದೂರ ಬಂದಿದ್ದಾರಲ್ಲ, ರಾತ್ರಿ ಆಕಾಶದಲ್ಲಿ ಕುಣಿಯುವ ಉತ್ತರದ ಬೆಳಕಿಗೂ ಅಳುತ್ತಾರೆ, ಸತ್ತ ಮೀನಿಗೂ ಅಳುತ್ತಾರೆ. ಸೂಪನ್ನು ಕುಡಿದ. ಬಿಸಿಯಾಗಿತ್ತು, ಹಸಿವಾಗಿತ್ತು. ಎದ್ದು ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕ್ಯಾಮೆರಾದ ಹಿಂಬದಿಯ ಪರದೆ ಹೊತ್ತಿಸಿದ.

ಚಿತ್ರ ಇತ್ತು. ನೋಡುವ ಮೊದಲೇ ಅವನಿಗೆ ಗೊತ್ತಿತ್ತು, ನೋಡಿದ ಮೇಲೆ ಇನ್ನೂ ಗೊತ್ತಾಯಿತು. ಇಷ್ಟು ವರ್ಷ ತೆಗೆದದ್ದೆಲ್ಲ ಇದರ ಮುಂದೆ ಕಸ. ಕಡಲಿನ ಕಪ್ಪಿನಲ್ಲಿ ಅಂಥ ತೂಕ. ಕೋಲುಗಳು ಎಲ್ಲಿಗೋ ಯಾರನ್ನೋ ಕರೆದೊಯ್ಯುತ್ತಿದ್ದವು. ಬೆರಳಿನಿಂದ ಕೆಂಪು ಚುಕ್ಕೆಯನ್ನು ಹಿಗ್ಗಿಸಿದ. ಹಿಗ್ಗಿಸಿದರೆ ಚುಕ್ಕೆ ಎರಡಾಯಿತು, ಒಂದರ ಮೇಲೊಂದು, ಮಂಕಿನದು ಕೆಳಗೆ. ಗಾಡಿ ಮಗ್ಗುಲಾಗಿ ಬಿದ್ದಿತ್ತು. ಇನ್ನೂ ಹಿಗ್ಗಿಸಿದರೆ ಬರೀ ಚೌಕ ಚೌಕ. ಕುಗ್ಗಿಸಿದ. ಕುಗ್ಗಿಸಿದಾಗ ಮತ್ತೆ ಚಂದವಾಯಿತು. ಅಳಿಸುವ ಗುಂಡಿ ಹೆಬ್ಬೆರಳಿನ ಕೆಳಗೇ ಇತ್ತು. ಅಳಿಸಿದರೆ ಗಾಳಿಯ ತೂತೂ ಇಲ್ಲ, ನಿಂತದ್ದೂ ಇಲ್ಲ, ಯಾರಿಗೆ ಏನು ಗೊತ್ತು, ಗೋಡೆಯೂ ಇಲ್ಲ. ಬೆನೆಡಿಕ್ಟೆಯ ದನಿ ಕಿವಿಯಲ್ಲಿ ಬಂತು, ಇದರಲ್ಲೂ ಯಾರೂ ಇಲ್ಲ ನೋಡು ಎನ್ನುವ ದನಿ. ಚಿತ್ರಶಾಲೆಯಲ್ಲಿ ತೆಳ್ಳನೆಯ ವೈನ್ ಲೋಟ ಹಿಡಿದ ಜನ ಇದರ ಮುಂದೆ ನಿಂತು ಆ ಕೆಂಪನ್ನು ತೋರಿಸಿ ಎಷ್ಟು ಒಂಟಿ ಎನ್ನುತ್ತಾರೆ. ಅವರ ಮೇಲೆ ಉಗುಳಬೇಕೆನಿಸಿತು. ಅವರೆಲ್ಲ ಬಂದು ನಿಲ್ಲಲಿ ಎಂದೂ ಅನಿಸಿತು. ಮುದುಕಿ ಹಿಂದಕ್ಕೆ ಯಾಕೆ ಬಂದಳು, ಎಂಬುದಕ್ಕೆ ಅವನು ಆವರೆಗೆ ಮನಸ್ಸು ಕೊಟ್ಟಿರಲಿಲ್ಲ. ಈಗ ಕೊಟ್ಟ. ಹಿಂದಿನ ದೀಪ ನಿಂತರೆ ತಾನೂ ನಿಲ್ಲಬೇಕು, ಸರಿ. ಹಿಂದಕ್ಕೆ ಬರಬೇಕೆಂದು ಯಾರು ಹೇಳಿದ್ದರು? ಕೊನೆಯ ಗಾಡಿಯವನಿಗೆ ಹಿಂದೆ ಯಾರೂ ಇಲ್ಲ ಎಂದು ಅಷ್ಟು ಚಿಂತೆಯೇ ಅವಳಿಗೆ? ಮೂರ್ಖ ಮುದುಕಿ. ಕಲಿಸಿದ್ದನ್ನು ತಾನೇ ನಂಬುವಷ್ಟು ಮೂರ್ಖಳು. ಹೆಬ್ಬೆರಳು ಗುಂಡಿಯ ಮೇಲಿಂದ ಎದ್ದಿತು. ಪರದೆ ತಾನಾಗಿ ಆರಿತು, ಅವನು ಬಿಟ್ಟ.

ಹೊರಗಿನ ಬೆಳಕು ನೀಲಿಗೆ ತಿರುಗುವ ಹೊತ್ತಿಗೆ ಹಳದಿ ದೀಪ ಇಳಿದು ಬಂತು. ಆರ್ನುಲ್ಫ್ ಅವಳನ್ನು ಎತ್ತಿಕೊಂಡು ಬರಲು ಹೋದ, ಅವಳು ಬಿಡಲಿಲ್ಲ, ಕಂಬಳಿ ಸುತ್ತಿಕೊಂಡು ಅವನ ದೊಡ್ಡ ಬೂಟಿನ ಗುರುತಿನಲ್ಲೇ ಕಾಲಿಡುತ್ತ ಒಳಗೆ ನಡೆದು ಬಂದಳು. ಕೆನ್ನೆಯ ಮೇಲೊಂದು ಕಡೆ ಚರ್ಮ ಮೇಣದ ಹಾಗೆ ಬಿಳುಚಿಕೊಂಡಿತ್ತು, ಕೈಗಳು ಆರ್ನುಲ್ಫನ ಕೈಗವಸಿನೊಳಗೆ ಎಲ್ಲೋ ಕಳೆದುಹೋಗಿದ್ದವು. ಬದುಕಿದ್ದಳು. ಐಲಿಫ್ ಮೂಲೆಯಿಂದಲೇ ಕತ್ತು ಚಾಚಿ ಅವಳನ್ನು ನೋಡಿದ; ಒಳಗೆ ಎದ್ದದ್ದು ಸಂತೋಷವೆಂದು ಗುರುತು ಹತ್ತುವಷ್ಟರಲ್ಲಿ ಅದರ ಹಿಂದಿನಿಂದ ಭಯ ಬಂದು ನಿಂತಿತು. ಎಲ್ಲರೂ ಜಾಗ ಬಿಟ್ಟರು, ಒಲೆಯ ಬಳಿ ಕುರ್ಚಿ ಎಳೆದರು. ಜರ್ಮನಿಯ ಹೆಂಗಸು ಮತ್ತೆ ಅತ್ತಳು. ಸಿಗ್ವಾರ್ಟ್ ಕೆಳಗೆ ಕೂತು ಬೋರ್ಗಿಲ್‌ಳ ಬೂಟಿನ ದಾರ ಬಿಚ್ಚುತ್ತ, ಗಾಡಿಯ ಬಾಗಿಲು ಹಿಮಕ್ಕೆ ಒತ್ತಿ ತೆರೆಯದೇ ಹೋಗಿತ್ತು, ಇನ್ನೊಂದಿಷ್ಟು ಜಾರಿದ್ದರೆ ಕಡಲು, ಹಾರ್ನ್ ಬ್ಯಾಟರಿ ಸಾಯುವವರೆಗೆ ಒತ್ತಿದ್ದಾರೆ ಟೀಚರ್, ಎಂದು ಎಲ್ಲರಿಗೂ ಹೇಳಿದ. ಆರ್ನುಲ್ಫ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಐಲಿಫ್‌ನನ್ನೇ ನೋಡುತ್ತಿದ್ದ. ಟೋಪಿ ತೆಗೆದಿರಲಿಲ್ಲ.

ಬೋರ್ಗಿಲ್ ಕಾಫಿಯ ಬಟ್ಟಲನ್ನು ಎರಡು ಮಣಿಕಟ್ಟಿನ ನಡುವೆ ಹಿಡಿದು ಒಂದು ಗುಟುಕು ಕುಡಿದಳು. ಕುಡಿದು ಮುಗಿಸಿ ಕೋಣೆಯಲ್ಲೆಲ್ಲ ಹುಡುಕಿ, ಮೂಲೆಯಲ್ಲಿದ್ದ ಅವನನ್ನು ಕಂಡಳು. ಬಯ್ಯುವ ಮುಖವಿರಲಿಲ್ಲ. ಹಲಗೆಯ ಮೇಲೆ ತಪ್ಪು ಬರೆದವನನ್ನು ನೋಡುವ ಮುಖವೂ ಇರಲಿಲ್ಲ. ದಣಿದಿದ್ದಳು, ತಿಳಿದುಕೊಳ್ಳಬೇಕಿತ್ತು, ಅಷ್ಟೇ.

"ನಿನ್ನ ದೀಪ ನಿಂತುಬಿಡ್ತು ಕಣೋ," ಎಂದಳು. "ಗಾಡಿ ಕೆಟ್ಟಿರಬೇಕು, ನಿನ್ನ ಹಿಂದೆ ಯಾರೂ ಇಲ್ಲವಲ್ಲಾಂತ ವಾಪಸ್ ಬಂದೆ. ಜಾರಿದ ಮೇಲೆ ಕಿಟಕೀಲಿ ನೀನು ಕಾಣ್ತಾನೇ ಇದ್ದೆ, ದೀಪದ ಮುಂದೆ ನಿಂತಿದ್ದೆಯಲ್ಲ. ಕೈ ಬೀಸಿದೆ. ನೀನು ಅದನ್ನ ಕಣ್ಣಿಗೆ ಹಿಡ್ಕೊಂಡು ನನ್ನ ಕಡೇನೇ ನೋಡ್ತಿದ್ದೆ." ಬಟ್ಟಲನ್ನು ಮಡಿಲಿಗಿಳಿಸಿದಳು. ಕಾವಲಿಯ ಮೇಲೆ ಹಿಟ್ಟು ಸುಡುತ್ತಿತ್ತು. "ಚೆನ್ನಾಗಿ ಬಂತಾ, ಐಲಿಫ್?"

ಅವನು ಗೋಡೆಯಿಂದ ಬೆನ್ನು ತೆಗೆದ. ಬೆಂಚು ಮತ್ತು ಮೇಜಿನ ನಡುವಿನ ಸಂದಿಯಲ್ಲಿ ಪಕ್ಕಕ್ಕೆ ತಿರುಗಿಕೊಂಡು ನಡೆದ, ಸಿಗ್ವಾರ್ಟ್ ಬಿಚ್ಚಿಟ್ಟಿದ್ದ ಸಣ್ಣ ಬೂಟುಗಳನ್ನು ದಾಟಿದ. ಆರ್ನುಲ್ಫ್ ಬಾಗಿಲಿನಿಂದ ಒಂದು ಹೆಜ್ಜೆ ಸರಿದು ದಾರಿ ಬಿಟ್ಟ, ಭುಜ ತಾಗದಷ್ಟು ಅಗಲವಾಗಿ. ಹೊರಗೆ ಗಾಳಿ ಅವನ ಮುಖದ ಮೇಲೆ ಇದ್ದದ್ದನ್ನೆಲ್ಲ ಒಂದೇ ಏಟಿಗೆ ಒರೆಸಿಹಾಕಿತು. ತನ್ನ ಗಾಡಿಯನ್ನು ಹಾದು, ಸಾಲಾಗಿ ನಿಂತ ಉಳಿದ ಗಾಡಿಗಳನ್ನು ಹಾದು, ಊರಿನ ಕಡೆಗೆ ಇಳಿಯುವ ರಸ್ತೆಯಲ್ಲಿ, ಕುತ್ತಿಗೆಯಲ್ಲಿ ಕ್ಯಾಮೆರಾ ತೂಗಿಸಿಕೊಂಡೇ, ಅವನು ನಡೆದುಹೋದ.